ಹಸಿದ ಕರುವಿಗೆ ಬೆಳವಣಿಗೆ ಹಾರ್ಮೋನಿನ ಕೊರತೆ ಇಲ್ಲ, ಮೇವಿನ ಕೊರತೆ ಇದೆ



ಈ ಸಲ ಹೊಲದ ವಿಷಯ ಬಿಟ್ಟು ಕೊಟ್ಟಿಗೆ ವಿಷಯ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ. ಡೈರಿಗೆ ಹಾಲು ಹಾಕಿ ಬಂದು, ಪುರುಸೊತ್ತಾಗಿ ಕೂತಾಗ ಓದಿ.

ಒಂದು ತಿಂಗಳಿಂದ ನಮ್ಮ ಸುತ್ತಿನ ಊರುಗಳಿಗೆ ಬೈಕಿನಲ್ಲಿ ಬಂದು ಒಂದು ಬಾಟ್ಲಿ ಮಾರ್ತಿದಾರೆ. ಕರುಗೂ ಅದೇ, ಕುರಿಮರಿಗೂ ಅದೇ, ಹಾಲು ಕರೆಯೋ ಹಸುಗೂ ಅದೇ, ಕೋಳಿ ನೀರಿಗೂ ಅದೇ ಎರಡು ಮುಚ್ಚಳ. "ಇದು ಕುಡಿಸಿದ್ರೆ ಬೆಳವಣಿಗೆ ಹಾರ್ಮೋನು ಏರುತ್ತೆ, ಹಸಿವು ಕಿತ್ಕೊಂಡು ಬರುತ್ತೆ, ಮೂರು ತಿಂಗಳಲ್ಲಿ ಮರಿ ಗುರುತೇ ಸಿಗಲ್ಲ" ಅಂತ ಹೇಳ್ತಾರೆ. ನಮ್ಮೂರಲ್ಲಿ ಒಂದು ಲೀಟರ್ ಬಾಟ್ಲಿಗೆ 600 ರೂಪಾಯಿ ತಗೊಂಡ್ರು. ಹದಿನೈದು ಇಪ್ಪತ್ತು ಮನೆಯವರು ತಗೊಂಡಿದಾರೆ. ಬಿಲ್ಲು ಕೇಳಿದ್ರೆ ಇಲ್ಲ. ಬಾಟ್ಲಿ ಮೇಲೆ ಏನೇನಿದೆ ಅಂತ ಬರೆದಿರೋ ಅಕ್ಷರ ಭೂತಗನ್ನಡಿ ಹಿಡಿದ್ರೂ ಕಾಣಲ್ಲ.

ಅವರು ಹೇಳೋದ್ರಲ್ಲಿ ಒಂದು ಮಾತು ನಿಜ. ಹಸಿವಿಗೂ ಬೆಳವಣಿಗೆ ಹಾರ್ಮೋನಿಗೂ ಸಂಬಂಧ ಇದೆ. ವಿಜ್ಞಾನಿಗಳು ಕಂಡುಹಿಡಿದಿರೋ ಸಂಗತಿನೇ ಅದು. ಆದ್ರೆ ಆ ಸಂಬಂಧ ಹೇಗಿದೆ ಅಂತ ಪೂರ್ತಿ ತಿಳ್ಕೊಂಡ್ರೆ ಬಾಟ್ಲಿಗೆ ದುಡ್ಡು ಕೊಡೋಕೆ ಮನಸ್ಸು ಬರಲ್ಲ. ಅದೇ ದುಡ್ಡಿಗೆ ಹಿಂಡಿ ತಂದು ಹೊತ್ತಿಗೆ ಸರಿಯಾಗಿ ಹಾಕೋಣ ಅನ್ಸುತ್ತೆ. ನನ್ನ ಅಭಿಪ್ರಾಯ ಇಷ್ಟೇ. ಯಾಕೆ ಅಂತ ಕೆಳಗೆ ಬರೀತೀನಿ. ನಾನು ಓದಿರೋದು ಎಸ್‌ಎಸ್‌ಎಲ್‌ಸಿ. ಪಶು ಡಾಕ್ಟ್ರ ಹತ್ರ ಕೇಳಿ, ಓದಿ, ನನಗೆ ಅರ್ಥ ಆದ ಭಾಷೇಲಿ ಹೇಳ್ತೀನಿ.

ಹಸಿವಿನ ಸುದ್ದಿ ಹೊಟ್ಟೆಯಿಂದ ಹೊರಡುತ್ತೆ

ಹಾರ್ಮೋನು ಅಂದ್ರೆ ಮೈಯೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ರಕ್ತದಲ್ಲಿ ಹೋಗೋ ಸಂದೇಶ. ಮೊಟ್ಟಮೊದಲು ಹೀಗೆ ಕಂಡುಹಿಡಿದ ಹಾರ್ಮೋನೇ ಕರುಳಿಂದು. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅನ್ನೋ ಇಬ್ಬರು ಕರುಳಿನಿಂದ ಹೊರಟ ಒಂದು ರಸ ರಕ್ತದಲ್ಲಿ ಹೋಗಿ ಮೇದೋಜೀರಕ ಗ್ರಂಥಿಗೆ ಕೆಲಸ ಹೇಳುತ್ತೆ ಅಂತ ತೋರಿಸಿದ್ರು. ಹಾರ್ಮೋನು ಅನ್ನೋ ಪದ ಬಳಕೆಗೆ ಬಂದಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ.

ಬೆಳವಣಿಗೆ ಹಾರ್ಮೋನು ತಯಾರಾಗೋದು ತಲೆಯೊಳಗೆ, ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರೋ ಪಿಟ್ಯುಟರಿ ಗ್ರಂಥಿಯಲ್ಲಿ. ಅದನ್ನ ಬಿಡು ಅಂತ ಹೇಳೋದು ಮಿದುಳು ಅಂತ ಬಹಳ ಕಾಲ ಅಂದ್ಕೊಂಡಿದ್ರು. ಅಷ್ಟರಲ್ಲಿ ಕೆಲವು ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಮಾಡಿದ ಒಂದಷ್ಟು ರಾಸಾಯನಿಕ ಕೊಟ್ರೆ ಪಿಟ್ಯುಟರಿ ಬೆಳವಣಿಗೆ ಹಾರ್ಮೋನು ಬಿಡೋದು ಕಂಡಿತು. 1996ರಲ್ಲಿ ಅಮೆರಿಕದ ಮರ್ಕ್ ಕಂಪನಿ ವಿಜ್ಞಾನಿಗಳು ಆ ರಾಸಾಯನಿಕ ಹೋಗಿ ಕೂರೋ ಜಾಗನ್ನೂ ಕಂಡುಹಿಡಿದ್ರು. ಅಂದ್ರೆ ಬೀಗ ಸಿಕ್ತು, ನಕಲಿ ಕೀಲಿಕೈನೂ ಇತ್ತು. ಮೈಯಲ್ಲೇ ಇರೋ ಅಸಲಿ ಕೀಲಿಕೈ ಯಾವುದು ಅಂತ ಗೊತ್ತಿರಲಿಲ್ಲ.

1999ರಲ್ಲಿ ಜಪಾನಿನ ಒಸಾಕಾದಲ್ಲಿ ಕೊಜಿಮಾ ಮತ್ತು ಕಂಗಾವ ಅನ್ನೋರು ಅದನ್ನ ಕಂಡುಹಿಡಿದ್ರು. ಎಲ್ಲರೂ ಮಿದುಳಲ್ಲಿ ಇರುತ್ತೆ ಅಂದ್ಕೊಂಡಿದ್ರೆ ಅದು ಸಿಕ್ಕಿದ್ದು ಇಲಿಯ ಜಠರದಲ್ಲಿ. ಹೆಸರು ಗ್ರೆಲಿನ್ ಅಂತ ಇಟ್ರು. ಆ ಹೆಸರಿನ ಮೊದಲ ಭಾಗಕ್ಕೆ ಮೂಲದಲ್ಲಿ ಬೆಳೆಯೋದು ಅಂತಲೇ ಅರ್ಥ. 28 ತುಂಡು ಪೋಣಿಸಿದ ಸರದ ಹಾಗಿರೋ ಸಣ್ಣ ಪ್ರೋಟೀನು ಅದು. ಮೂರನೇ ತುಂಡಿಗೆ ಒಂದು ಕೊಬ್ಬಿನ ಆಮ್ಲ ಅಂಟಿಕೊಂಡಿರಬೇಕು, ಇಲ್ದಿದ್ರೆ ಪಿಟ್ಯುಟರಿ ಮೇಲೆ ಕೆಲಸ ಮಾಡಲ್ಲ.

ಅದಾದ ಒಂದೆರಡು ವರ್ಷದಲ್ಲೇ ಇನ್ನೊಂದು ವಿಷಯ ಗೊತ್ತಾಯ್ತು. ಇದೇ ಗ್ರೆಲಿನ್ ಮಿದುಳಿಗೆ ಹೋಗಿ ಹಸಿವು ಹುಟ್ಟಿಸುತ್ತೆ. ಮನುಷ್ಯರಲ್ಲಿ ಊಟಕ್ಕೆ ಮುಂಚೆ ರಕ್ತದಲ್ಲಿ ಏರುತ್ತೆ, ಉಂಡ ಮೇಲೆ ಇಳಿಯುತ್ತೆ. ಹೊಟ್ಟೆ ಚುರುಗುಟ್ಟೋದು ಅಂತೀವಲ್ಲ, ಆ ಹೊತ್ತಿನ ಹಾರ್ಮೋನು ಅಂತ ಇಟ್ಕೊಳ್ಳಿ.

ಸಾಕು ಅನ್ನೋ ಸುದ್ದಿನೂ ಹೊಟ್ಟೆ ಕಡೆಯಿಂದಲೇ ಬರುತ್ತೆ. ಸಿಸಿಕೆ ಅಂತ ಒಂದು, ಜಿಎಲ್‌ಪಿ-1 ಅಂತ ಒಂದು, ಪಿವೈವೈ ಅಂತ ಒಂದು. ತಿಂದಿದ್ದು ಕರುಳಿಗೆ ಇಳಿದಾಗ, ಅದರಲ್ಲೂ ಎಣ್ಣೆ ಜಿಡ್ಡು ಇಳಿದಾಗ, ಇವು ಹೊರಟು ಮಿದುಳಿಗೆ "ಇನ್ನು ಸಾಕು" ಅಂತ ಹೇಳ್ತವೆ. ಹತ್ತಿಬೀಜ, ಎಣ್ಣೆ ಅಂತ ಜಿಡ್ಡು ಅತಿಯಾಗಿ ಕೊಟ್ರೆ ಹಸು ಹುಲ್ಲು ಕಮ್ಮಿ ಮಾಡೋದಕ್ಕೆ ಇದೂ ಒಂದು ಕಾರಣ. ದೊಡ್ಡ ಹೊಟ್ಟೆಯಲ್ಲಿ ನಾರು ಕರಗಿಸೋ ಸೂಕ್ಷ್ಮಜೀವಿಗಳಿಗೂ ಆ ಜಿಡ್ಡು ಆಗಿಬರಲ್ಲ.

ನಮ್ಮ ಹಸು ಕುರಿಗೆ ಹೊಟ್ಟೆ ನಾಲ್ಕು ಕೋಣೆ. ಎಡಪಕ್ಕೆಯಲ್ಲಿ ಇರೋ ದೊಡ್ಡ ಹೊಟ್ಟೆ ಹುಲ್ಲು ಕೊಳೆಸೋ ತೊಟ್ಟಿ. ಗ್ರೆಲಿನ್ ಹೆಚ್ಚಾಗಿ ತಯಾರಾಗೋದು ನಾಲ್ಕನೇ ಕೋಣೆಯಲ್ಲಿ, ಅದೇ ನಮ್ಮ ಜಠರದ ಹಾಗೆ ಆಮ್ಲ ಇರೋ ನಿಜವಾದ ಹೊಟ್ಟೆ. ಈ ನಾಲ್ಕನೇ ಹೊಟ್ಟೆ ನೆನಪಿಟ್ಕೊಳ್ಳಿ, ಜಂತುಹುಳು ವಿಷಯದಲ್ಲಿ ಮತ್ತೆ ಬರುತ್ತೆ.

ಹಾಗಿದ್ರೆ ಹಸಿದ ಪ್ರಾಣಿ ಬೆಳೀಬೇಕಲ್ಲ?

ಇಲ್ಲೇ ಇರೋದು ಮುಖ್ಯ ವಿಷಯ. ಹಸಿದಾಗ ಗ್ರೆಲಿನ್ ಏರುತ್ತೆ, ಗ್ರೆಲಿನ್ ಏರಿದ್ರೆ ಬೆಳವಣಿಗೆ ಹಾರ್ಮೋನೂ ಏರುತ್ತೆ. ಹಂಗಾದ್ರೆ ಅರೆಹೊಟ್ಟೆ ಕರುಗಳೇ ದಷ್ಟಪುಷ್ಟ ಆಗ್ಬೇಕಿತ್ತು. ಆಗಿದಾವಾ? ಪಕ್ಕೆಲುಬು ಎಣಿಸೋ ಹಾಗಿದಾವೆ. ಆದ್ರೂ ಅಂಥ ಕರುವಿನ ರಕ್ತ ಪರೀಕ್ಷೆ ಮಾಡಿದ್ರೆ ಬೆಳವಣಿಗೆ ಹಾರ್ಮೋನು ಕಮ್ಮಿ ಇರಲ್ಲ, ಹೆಚ್ಚೇ ಇರುತ್ತೆ.

ಕಾರಣ ಪಿತ್ತಜನಕಾಂಗ, ನಾವು ಲಿವರ್ ಅಂತೀವಲ್ಲ ಅದು. ಬೆಳವಣಿಗೆ ಹಾರ್ಮೋನು ಮೂಳೆ ಮಾಂಸ ಬೆಳೆಸೋ ಕೆಲಸದಲ್ಲಿ ಬಹುಪಾಲು ಲಿವರ್ ಮೂಲಕ ನಡೆಯುತ್ತೆ. ಹಾರ್ಮೋನು ಬಂದು ಹೇಳಿದಾಗ ಲಿವರ್ ಐಜಿಎಫ್-1 ಅನ್ನೋ ಇನ್ನೊಂದು ಹಾರ್ಮೋನು ಬಿಡುತ್ತೆ. ಮೂಳೆ ಉದ್ದ ಆಗೋದಕ್ಕೆ, ಮಾಂಸ ಕಟ್ಟೋದಕ್ಕೆ ಅದು ಬೇಕು. ಆದ್ರೆ ಹೊಟ್ಟೆಗೆ ಹಿಟ್ಟು, ಪ್ರೋಟೀನು ಬರದೇ ಇದ್ದಾಗ ಲಿವರ್ ಆ ಮಾತು ಕೇಳೋದೇ ಇಲ್ಲ. ಮೇಲಿಂದ ಎಷ್ಟು ಹಾರ್ಮೋನು ಬಂದ್ರೂ ಐಜಿಎಫ್-1 ಕೆಳಗೇ ಇರುತ್ತೆ.

ಬೋರ್‌ವೆಲ್ಲಿನಲ್ಲಿ ನೀರಿಲ್ಲ ಅಂತ ಇಟ್ಕೊಳ್ಳಿ. ಐದು ಎಚ್‌ಪಿ ಮೋಟರ್ ತೆಗೆದು ಹತ್ತು ಎಚ್‌ಪಿ ಇಳಿಸಿದ್ರೆ ನೀರು ಬರುತ್ತಾ? ಮೋಟರ್ ಸುಡುತ್ತೆ. ಹಸಿದ ಕರುವಿಗೆ ಬೆಳವಣಿಗೆ ಹಾರ್ಮೋನು ಏರಿಸ್ತೀನಿ ಅನ್ನೋದು ಹಂಗೇ. ಮೋಟರ್ ಆಗಲೇ ಜೋರಾಗಿ ಓಡ್ತಿದೆ. ಇಲ್ದೇ ಇರೋದು ಕೆಳಗಡೆ ನೀರು.

ಹಾಗಾದ್ರೆ ಹಸಿದಾಗ ಆ ಹಾರ್ಮೋನು ಯಾಕೆ ಏರುತ್ತೆ? ಜೀವ ಉಳಿಸೋಕೆ. 2010ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ನೊಬೆಲ್ ಪ್ರಶಸ್ತಿ ತಗೊಂಡಿರೋ ಗೋಲ್ಡ್‌ಸ್ಟೀನ್, ಬ್ರೌನ್ ಅವರ ತಂಡ ಇಲಿಗಳ ಮೇಲೆ ಒಂದು ಪ್ರಯೋಗ ಮಾಡ್ತು. ಗ್ರೆಲಿನ್‌ಗೆ ಕೊಬ್ಬಿನ ಆಮ್ಲ ಅಂಟಿಸೋ ಶಕ್ತಿ ಇಲ್ಲದ ಇಲಿಗಳು ಒಂದು ಗುಂಪು, ಮಾಮೂಲಿ ಇಲಿಗಳು ಇನ್ನೊಂದು ಗುಂಪು. ಎರಡಕ್ಕೂ ತಿನ್ನೋದ್ರಲ್ಲಿ ನೂರಕ್ಕೆ 60 ಭಾಗ ಕಡಿತ ಮಾಡಿದ್ರು. ಒಂದು ವಾರದಲ್ಲಿ ಎರಡರ ಮೈಕೊಬ್ಬೂ ಕರಗಿಹೋಯ್ತು. ಮಾಮೂಲಿ ಇಲಿಗಳು ಬೆಳವಣಿಗೆ ಹಾರ್ಮೋನು ಏರಿಸ್ಕೊಂಡು ರಕ್ತದಲ್ಲಿ ಸಕ್ಕರೆ ಕಾಪಾಡ್ಕೊಂಡು ಬದುಕಿದ್ವು. ಗ್ರೆಲಿನ್ ಕೆಲಸ ಮಾಡದ ಇಲಿಗಳಿಗೆ ಸಕ್ಕರೆ ಪಾತಾಳಕ್ಕೆ ಇಳಿದು ಸಾಯೋ ಸ್ಥಿತಿಗೆ ಬಂದ್ವು. ಅವಕ್ಕೆ ಗ್ರೆಲಿನ್ ಅಥವಾ ಬೆಳವಣಿಗೆ ಹಾರ್ಮೋನು ಕೊಟ್ರೆ ಸಕ್ಕರೆ ಕುಸಿಯಲಿಲ್ಲ.

ಅಂದ್ರೆ ಬರಗಾಲದಲ್ಲಿ ಈ ಹಾರ್ಮೋನು ಮನೆ ಕಟ್ಟೋ ಮೇಸ್ತ್ರಿ ಕೆಲಸ ಮಾಡಲ್ಲ. ಇರೋ ದವಸ ಎಣಿಸಿ ಎಣಿಸಿ ಹಾಕೋ ಮನೆ ಯಜಮಾನಿ ಕೆಲಸ ಮಾಡುತ್ತೆ. ಹೆಸರಲ್ಲಿ ಬೆಳವಣಿಗೆ ಅಂತ ಇದೆ ಅಂತ ನಾವು ಮೋಸ ಹೋಗಬಾರದು.

ಕರು ಹಾಕಿದ ಹಸುವಿನಲ್ಲಿ ಇದು ಕಣ್ಣಿಗೇ ಕಾಣುತ್ತೆ

ಹೊಸದಾಗಿ ಈದ ಸೀಮೆಹಸು ನೋಡಿ. ಮೊದಲ ಒಂದೆರಡು ತಿಂಗಳಲ್ಲಿ ಹಾಲು ಮೇಲಕ್ಕೆ ಏರುತ್ತೆ. ತಿನ್ನೋ ಶಕ್ತಿ ಅಷ್ಟು ಬೇಗ ಏರಲ್ಲ, ಹಿಂದೆ ಬೀಳುತ್ತೆ. ಆಗ ಆ ಹಸುವಿನಲ್ಲಿ ಬೆಳವಣಿಗೆ ಹಾರ್ಮೋನು ಜಾಸ್ತಿ, ಐಜಿಎಫ್-1 ಕಮ್ಮಿ. ಹಾರ್ಮೋನು ಮೈಮೇಲಿನ ಕೊಬ್ಬು ಕರಗಿಸಿ ಹಾಲಿಗೆ ಕಳಿಸುತ್ತೆ. ಸೊಂಟದ ಮೂಳೆ ಎದ್ದು ಕಾಣೋದು, ಬೆನ್ನು ಇಳಿಯೋದು ಇದರಿಂದ. ನಾವು "ಒಳ್ಳೆ ಹಾಲು ಕೊಡ್ತಿದೆ" ಅಂತ ಖುಷಿಪಡ್ತೀವಿ. ಹಸು ತನ್ನ ಮೈ ಕರಗಿಸಿ ಕೊಡ್ತಿರುತ್ತೆ.

ಇದು ಅತಿಯಾದ್ರೆ ಹಸು ಬೆದೆಗೆ ಬರಲ್ಲ, ಬಂದ್ರೂ ಗಬ್ಬ ನಿಲ್ಲಲ್ಲ. ಗ್ರೆಲಿನ್ ಹೆಚ್ಚಿದಾಗ ಬೆದೆಗೆ ಬೇಕಾದ ಪಿಟ್ಯುಟರಿ ಹಾರ್ಮೋನು ತಗ್ಗೋದನ್ನ ಕುರಿ, ಇಲಿಗಳಲ್ಲಿ ನೋಡಿದಾರೆ. ಹೊಟ್ಟೆಗಿಲ್ಲದಾಗ ಸಂತಾನ ಬೇಡ ಅಂತ ಮೈ ತಾನೇ ತೀರ್ಮಾನ ಮಾಡುತ್ತೆ. ನಾಲ್ಕು ಸಲ ಇಂಜೆಕ್ಷನ್ ಹಾಕಿಸಿ "ಸೂಜಿ ಸರಿ ಇಲ್ಲ" ಅಂತ ಡಾಕ್ಟ್ರನ್ನ ಬೈಯೋಕೆ ಮುಂಚೆ ಗೊಂತಿನ ಕಡೆ ನೋಡಬೇಕು.

ಬೆಳವಣಿಗೆ ಹಾರ್ಮೋನನ್ನೇ ಹಸುವಿಗೆ ಚುಚ್ಚಿದವರೂ ಇದಾರೆ. ಅಮೆರಿಕದಲ್ಲಿ 1993ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟು, 1994ರಿಂದ ಡೈರಿ ಹಸುಗಳಿಗೆ ಹದಿನಾಲ್ಕು ದಿನಕ್ಕೊಂದು ಸೂಜಿ ಶುರು ಮಾಡಿದ್ರು. ಹಾಲು ನೂರಕ್ಕೆ 10ರಿಂದ 15ರಷ್ಟು ಜಾಸ್ತಿ ಆಯ್ತು, ಸುಳ್ಳಲ್ಲ. ಆದ್ರೆ ಆ ಹಸುಗಳು ಮೇವನ್ನೂ ಜಾಸ್ತಿ ತಿಂದ್ವು. ಮೇವು ಕೊಡದೇ ಇದ್ರೆ ಲಾಭವೇ ಇಲ್ಲ. ಕೆಚ್ಚಲು ಬಾವು, ಕುಂಟೋದು ಜಾಸ್ತಿ ಆಗುತ್ತೆ ಅಂತ ಕೆನಡಾ 1999ರಲ್ಲಿ ಬೇಡ ಅಂತು, ಯುರೋಪಿನವರೂ ನಿಷೇಧ ಮಾಡಿದ್ರು. ಅಷ್ಟು ದೊಡ್ಡ ಡೈರಿಗಳಲ್ಲೂ ಸೂಜಿ ಮೇವಿನ ಬದಲಿಗೆ ನಿಲ್ಲಲಿಲ್ಲ. ನಮ್ಮ ಎರಡು ಹಸುವಿನ ಕೊಟ್ಟಿಗೆಯಲ್ಲಿ ಬಾಟ್ಲಿ ನಿಲ್ಲುತ್ತಾ?

ಬಾಟ್ಲಿ ಮೇಲೆ ನನಗಿರೋ ಮೂರು ತಕರಾರು

ಒಂದು. ಗ್ರೆಲಿನ್ ಆಗ್ಲಿ ಬೆಳವಣಿಗೆ ಹಾರ್ಮೋನಾಗ್ಲಿ ಪ್ರೋಟೀನು. ಬಾಯಿಂದ ಕುಡಿಸಿದ್ರೆ ಹೊಟ್ಟೆ ಅದನ್ನ ಬೇಳೆ ಅರಗಿಸಿದ ಹಾಗೆ ಅರಗಿಸಿಬಿಡುತ್ತೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಕುಡಿಯದೆ ಸೂಜಿ ಚುಚ್ಚಿಕೊಳ್ಳೋದು ಇದಕ್ಕೇ. ಮೆಲುಕು ಹಾಕೋ ಪ್ರಾಣಿಯಲ್ಲಂತೂ ಮೊದಲು ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳೇ ಅದನ್ನ ತಿಂದುಹಾಕ್ತವೆ. ಅಮೆರಿಕದವರು ಹಾರ್ಮೋನನ್ನ ಸೂಜಿಯಲ್ಲೇ ಕೊಟ್ಟಿದ್ದು ಯಾಕೆ ಅಂತ ಯೋಚನೆ ಮಾಡಿ. ಗ್ರೆಲಿನ್ ಹಾಗೆ ಕೆಲಸ ಮಾಡೋ, ಬಾಯಿಂದ ಕೊಡೋ ಔಷಧಿ ಒಂದಿದೆ, ಕ್ಯಾಪ್ರೊಮೊರೆಲಿನ್ ಅಂತ. ಅದನ್ನ ಅಮೆರಿಕದಲ್ಲಿ 2016ರಲ್ಲಿ ಊಟ ಬಿಟ್ಟ ನಾಯಿಗೆ, 2020ರಲ್ಲಿ ಕಿಡ್ನಿ ಕಾಯಿಲೆಯಿಂದ ಸೊರಗಿದ ಬೆಕ್ಕಿಗೆ ಅಂತ ಒಪ್ಪಿದಾರೆ. ಡಾಕ್ಟ್ರು ಚೀಟಿ ಬರೆದು ಕೊಡೋ ಔಷಧಿ ಅದು.

ಎರಡು. ಎಲ್ಲಾ ಪ್ರಾಣಿಗೂ ಒಂದೇ ಅನ್ನೋದು. ಕೋಳಿಯಲ್ಲಿ ಈ ಲೆಕ್ಕವೇ ಉಲ್ಟಾ. ಕೋಳಿಮರಿಗೆ ಗ್ರೆಲಿನ್ ಕೊಟ್ಟು ನೋಡಿದಾಗ ಬೆಳವಣಿಗೆ ಹಾರ್ಮೋನು ಏರಿತು, ಆದ್ರೆ ಮರಿ ತಿನ್ನೋದು ಕಮ್ಮಿ ಮಾಡ್ತು. ಇಲಿಗೆ, ಮನುಷ್ಯನಿಗೆ ಹಸಿವು ತರೋದು ಕೋಳಿಗೆ ಹಸಿವು ಕಟ್ಟುತ್ತೆ. ಕುರಿಗೂ ಕೋಳಿಗೂ ಒಂದೇ ಬಾಟ್ಲಿಯಲ್ಲಿ ಹಸಿವು ತರಿಸ್ತೀನಿ ಅನ್ನೋನಿಗೆ ಈ ಹಾರ್ಮೋನಿನ ಗಂಧಗಾಳಿ ಇಲ್ಲ ಅಂತಲೇ ಅರ್ಥ.

ಮೂರು. ಇದು ಎಲ್ಲಕ್ಕಿಂತ ದೊಡ್ಡದು. ಮೇವು ಬಿಟ್ಟ ಪ್ರಾಣಿ ಯಾಕೆ ಬಿಟ್ಟಿದೆ ಅಂತ ನೋಡೋದನ್ನ ಈ ಬಾಟ್ಲಿ ತಪ್ಪಿಸುತ್ತೆ. ಜಂತುಹುಳುಗಳಲ್ಲಿ ರಕ್ತ ಹೀರೋ ಒಂದು ಜಾತಿ ಕುರಿ ಮೇಕೆಯ ನಾಲ್ಕನೇ ಹೊಟ್ಟೆಯಲ್ಲೇ ಮನೆ ಮಾಡುತ್ತೆ. ಗ್ರೆಲಿನ್ ತಯಾರಾಗುತ್ತೆ ಅಂದ್ನಲ್ಲ, ಅದೇ ಹೊಟ್ಟೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕಳೆಯುತ್ತೆ. ಸಾವಿರ ಹುಳು ಇದ್ರೆ ದಿನಕ್ಕೆ 50 ಮಿಲಿ. ಒಂದು ಮರಿಯ ಮೈಯಲ್ಲಿ ಇರೋ ರಕ್ತ ಎಷ್ಟು, ಲೆಕ್ಕ ಹಾಕಿ. ಅದೇ ಹೊಟ್ಟೆಯಲ್ಲಿ ಕೂರೋ ಇನ್ನೊಂದು ಜಾತಿ ಹುಳು ಆಮ್ಲವನ್ನೇ ಕೆಡಿಸಿ, ಅಲ್ಲಿನ ಹಾರ್ಮೋನುಗಳ ಲೆಕ್ಕ ತಪ್ಪಿಸಿ, ಹಸಿವು ಕಟ್ಟಿಬಿಡುತ್ತೆ. ಇಂಥ ಮರಿಗೆ ಟಾನಿಕ್ ಹಾಕಿದ್ರೆ ಹುಳುವಿಗೆ ಹಬ್ಬ.

ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿ. ಒಳಗಡೆ ಕೆಂಪಗೆ ಇದ್ರೆ ಸರಿ. ಬಿಳಿಚಿಕೊಂಡು ಕಾಗದದ ಹಾಗಿದ್ರೆ ರಕ್ತ ಹೋಗಿದೆ ಅಂತ, ಅವತ್ತೇ ಪಶು ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

"ನಾನು ಹಾಕಿದೆ, ಮೇಯ್ತಲ್ಲ" ಅನ್ನೋರಿಗೆ

ಇದನ್ನ ಹೇಳೋರು ಸುಳ್ಳು ಹೇಳ್ತಿಲ್ಲ. ವಿಟಮಿನ್, ಖನಿಜದ ಕೊರತೆ ಇರೋ ಪ್ರಾಣಿಗೆ ಅವು ಸಿಕ್ಕಿದ್ರೆ ಮೇಯುತ್ತೆ. ಕೋಬಾಲ್ಟ್ ಅನ್ನೋ ಖನಿಜ ಕಮ್ಮಿಯಾದ್ರೆ ದೊಡ್ಡ ಹೊಟ್ಟೆಯಲ್ಲಿ ಬಿ12 ವಿಟಮಿನ್ ತಯಾರಾಗದೆ ಹಸು ಕುರಿ ಮೇವೇ ಬಿಡ್ತವೆ. ಬಾಟ್ಲಿಯಲ್ಲಿ ಅಂಥದ್ದೇನಾದ್ರೂ ಇದ್ರೆ ಕೆಲಸ ಮಾಡಿರಬಹುದು. ಆದ್ರೆ ಅದಕ್ಕೆ ಖನಿಜ ಮಿಶ್ರಣದ ಪುಡಿ ಇದೆ. ದೊಡ್ಡ ಹಸುವಿಗೆ ದಿನಕ್ಕೆ 30ರಿಂದ 50 ಗ್ರಾಂ ಹಿಂಡಿ ಜೊತೆ ಕಲಸಿ ಕೊಟ್ರೆ ಆಯ್ತು. ಡೈರಿಯಲ್ಲೇ ಬಿಲ್ಲು ಸಮೇತ ಸಿಗುತ್ತೆ. ಖನಿಜದ ಕೊರತೆಗೆ ಖನಿಜ ಕೊಡಿ, ಹುಳು ಇದ್ರೆ ಹುಳುವಿಗೆ ಔಷಧಿ ಕೊಡಿ. ಹಾರ್ಮೋನು ಅನ್ನೋ ಹೆಸರಿಗೆ ದುಡ್ಡು ಯಾಕೆ?

ಇನ್ನೊಂದು ಎಚ್ಚರಿಕೆ. ಕೆಲವು ಕಡೆ ಸಂತೆಗೆ ಮುಂಚೆ ಟಗರಿಗೆ ಸೂಜಿ ಹಾಕಿಸಿ ದಪ್ಪ ಕಾಣಿಸ್ತಾರೆ ಅಂತ ಮಾತಿದೆ. ಸ್ಟೀರಾಯ್ಡ್ ಜಾತಿಯ ಸೂಜಿ ಆಗಿದ್ರೆ ಮೈಯ ರೋಗ ತಡೆಯೋ ಶಕ್ತಿ ಕುಗ್ಗುತ್ತೆ. ತುಂಬು ಗಬ್ಬದ ಹಸುವಿಗೆ ಕೊಟ್ರೆ ಗಬ್ಬ ಹೋಗುತ್ತೆ. ಡಾಕ್ಟ್ರು ಹೇಳದೆ ಯಾವ ಸೂಜಿಯನ್ನೂ ಕೊಟ್ಟಿಗೆ ಒಳಗೆ ಬಿಡಬೇಡಿ.

ಹೊತ್ತು ಅನ್ನೋದು ಪುಕ್ಕಟೆ ಟಾನಿಕ್

2002ರಲ್ಲಿ ಜಪಾನಿನವರೇ ಕುರಿಗಳಲ್ಲಿ ಗ್ರೆಲಿನ್ ಅಳೆದು ನೋಡಿದ್ರು. ದಿನಾ ಗೊತ್ತಾದ ಹೊತ್ತಿಗೆ ಮೇವು ಹಾಕೋ ಕುರಿಗಳಲ್ಲಿ ಮೇವು ಬರೋಕೆ ಸ್ವಲ್ಪ ಮುಂಚೆ ಗ್ರೆಲಿನ್ ಜೋರಾಗಿ ಏರ್ತಿತ್ತು, ತಿಂದ ಮೇಲೆ ಇಳೀತಿತ್ತು. ಅಂದ್ರೆ ಹೊಟ್ಟೆಗೆ ಗಡಿಯಾರ ಇದೆ. ನೀವು ಕಲಿಸಿದ ಹೊತ್ತನ್ನ ಅದು ಕಲಿಯುತ್ತೆ. ಐದೂವರೆಗೆ ಬಕೆಟ್ ಸದ್ದಾಗೋಕೆ ಮುಂಚೆನೇ ಹಸು ಎದ್ದು ನಿಂತು ಬಾಗಿಲ ಕಡೆ ನೋಡಿ ಅಂಬಾ ಅನ್ನೋದು ನಾವೆಲ್ಲ ಕಂಡಿದೀವಿ. ಬಾಟ್ಲಿಯಲ್ಲಿ ಮಾರ್ತಿರೋ ಹಸಿವು ನಮ್ಮ ಕೊಟ್ಟಿಗೆಯಲ್ಲಿ ದಿನಾ ಎರಡು ಸಲ ತಾನೇ ಹುಟ್ಟುತ್ತೆ. ಆ ಹೊತ್ತಿಗೆ ಗೊಂತಿನಲ್ಲಿ ಮೇವು ಇರಬೇಕು, ಅಷ್ಟೇ.

ಇವತ್ತು ಆರಕ್ಕೆ, ನಾಳೆ ಮದುವೆಗೆ ಹೋಗಿ ಬಂದು ಒಂಬತ್ತಕ್ಕೆ, ನಾಳಿದ್ದು ಮಧ್ಯಾಹ್ನದ್ದೂ ಸೇರಿಸಿ ಒಂದೇ ಸಲ ಅಂತ ಮಾಡಿದ್ರೆ ಹಸಿದ ಹಸು ಹಿಂಡಿ ಬೂಸಾನ ಗಬಗಬ ನುಂಗುತ್ತೆ. ದೊಡ್ಡ ಹೊಟ್ಟೆ ಹುಳಿ ಆಗುತ್ತೆ, ಮೆಲುಕು ನಿಲ್ಲುತ್ತೆ, ಮಾರನೇ ದಿನ ಮೇವು ಬಿಡುತ್ತೆ. ಆಗ ನಾವು ಹಸಿವಿಲ್ಲ ಅಂತ ಬಾಟ್ಲಿ ಹುಡುಕ್ತೀವಿ. ತಡ ಆದ ದಿನ ಮೊದಲು ಒಣಹುಲ್ಲು ಹಾಕಿ, ಅರ್ಧ ಗಂಟೆ ಬಿಟ್ಟು ಹಿಂಡಿ ಕೊಡಿ.

ಇನ್ನು ಎಷ್ಟು ಹಾಕಬೇಕು ಅನ್ನೋದು. 400 ಕೆಜಿ ತೂಕದ, 12 ಲೀಟರ್ ಕರೆಯೋ ಹಸುವಿಗೆ ನೀರಂಶ ಕಳೆದು ಮೈ ತೂಕದ ನೂರಕ್ಕೆ 3 ಭಾಗ, ಅಂದ್ರೆ 12 ಕೆಜಿ ಒಣ ಲೆಕ್ಕದ ಮೇವು ಬೇಕು. ಹಸಿ ನೇಪಿಯರ್‌ನಲ್ಲಿ ಐದರಲ್ಲಿ ನಾಲ್ಕು ಭಾಗ ನೀರೇ. 20 ಕೆಜಿ ಹಾಕಿದ್ರೆ ಒಣ ಲೆಕ್ಕಕ್ಕೆ ಬರೋದು 4 ಕೆಜಿ. ರಾಗಿ ಹುಲ್ಲು 4 ಕೆಜಿ ಹಾಕಿದ್ರೆ ಮೂರೂವರೆ ಕೆಜಿ. ಮೈಗೆ ಒಂದೂವರೆ ಕೆಜಿ, ಲೀಟರ್ ಹಾಲಿಗೆ 400 ಗ್ರಾಂ ಅಂತ ಹಿಂಡಿ ಫೀಡು ಸುಮಾರು 6 ಕೆಜಿ, ಅದನ್ನ ಎರಡು ಮೂರು ಸಲ ಮಾಡಿ ಕೊಡಿ. ಎಲ್ಲಾ ಸೇರಿದ್ರೆ 12, 13 ಕೆಜಿ ಆಗುತ್ತೆ. ಒಂದು ಹೊರೆ ಹಸಿಹುಲ್ಲು ಎಸೆದು "ಹೊಟ್ಟೆ ತುಂಬ ಹಾಕಿದೀನಿ" ಅಂದ್ಕೊಂಡ್ರೆ ಹಾಕಿರೋದು ಬಹುಪಾಲು ನೀರು. ಕುಡಿಯೋ ನೀರನ್ನಂತೂ ಯಾವಾಗ್ಲೂ ಮುಂದೆ ಇಡಿ. ನೀರು ಕಮ್ಮಿಯಾದ್ರೆ ಮೇವೂ ಕಮ್ಮಿ ಆಗುತ್ತೆ.

ಕರುವಿನ ಪಾಲು

ನನಗೆ ಹೊಟ್ಟೆ ಉರಿಯೋದು ಇಲ್ಲಿ. ಕರುವಿನ ಬಾಯಿಂದ ಹಾಲು ಕಿತ್ಕೊಂಡು ಡೈರಿಗೆ ಹಾಕ್ತೀವಿ, ಆ ದುಡ್ಡಲ್ಲಿ ಕರು ಬೆಳೆಯೋಕೆ ಬಾಟ್ಲಿ ತರ್ತೀವಿ. 30 ಕೆಜಿ ಕರುವಿಗೆ ಮೊದಲ ತಿಂಗಳು ದಿನಕ್ಕೆ ಅದರ ತೂಕದ ಹತ್ತರಲ್ಲಿ ಒಂದು ಭಾಗ, ಅಂದ್ರೆ 3 ಲೀಟರ್ ಹಾಲು ಬೇಕು. ಹುಟ್ಟಿದ ಒಂದೆರಡು ಗಂಟೆ ಒಳಗೆ ಗಿಣ್ಣದ ಹಾಲು ಹೊಟ್ಟೆಗೆ ಹೋಗಬೇಕು. ಒಂದು ದಿನ ಕಳೆದ್ರೆ ಆ ಹಾಲಿನ ರೋಗ ತಡೆಯೋ ಶಕ್ತಿ ಕರುಳಿಂದ ರಕ್ತಕ್ಕೆ ಹೋಗೋ ದಾರಿ ಮುಚ್ಚಿಹೋಗುತ್ತೆ. "ಕಸ ಬೀಳೋ ತನಕ ಹಾಲು ಬಿಡಬಾರದು" ಅಂತ ಕಾಯೋ ಮನೆಗಳು ಇನ್ನೂ ಇದಾವೆ. ಕಾಯಬೇಡಿ.

ಹೆಣ್ಣುಕರು ಮೊದಲ ಸಲ ಬೆದೆಗೆ ಬರೋದು ವಯಸ್ಸಿಗಿಂತ ಹೆಚ್ಚಾಗಿ ತೂಕದ ಮೇಲೆ. ಸೀಮೆ ತಳಿ 250 ಕೆಜಿ ದಾಟಿದ ಮೇಲೆ ಸೂಜಿ ಹಾಕಿಸ್ತೀವಿ. ಚೆನ್ನಾಗಿ ಸಾಕಿದ ಕರು ಎರಡೂವರೆ ವರ್ಷಕ್ಕೆ ಈಯುತ್ತೆ. ಅರೆಹೊಟ್ಟೆದು ಮೂರೂವರೆ, ನಾಲ್ಕು ವರ್ಷ ಆದ್ರೂ ಇಲ್ಲ. ಆ ಒಂದೂವರೆ ವರ್ಷ ಸುಮ್ಮನೆ ಮೇವು ಹಾಕ್ಕೊಂಡು ಕೂರಬೇಕು. ಕರುವಿಗೆ ಬಿಡದೆ ಉಳಿಸಿದ ಹಾಲಿನ ದುಡ್ಡು ಎಲ್ಲಿಗೆ ಹೋಯ್ತು ಅಂತ ಲೆಕ್ಕ ಬರೆದು ನೋಡಿ.

ನನ್ನ ಮಾತು ನಂಬಬೇಡಿ, ಟೇಪು ನಂಬಿ. ದರ್ಜಿ ಟೇಪಿನಲ್ಲಿ ಮುಂಗಾಲಿನ ಹಿಂದೆ ಎದೆ ಸುತ್ತಳತೆ ತಗೊಳ್ಳಿ, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆವರೆಗೆ ಉದ್ದ ತಗೊಳ್ಳಿ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನ ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 60, ಉದ್ದ 50 ಇದ್ರೆ ಸುಮಾರು 272 ಕೆಜಿ. ತಿಂಗಳಿಗೊಂದು ಸಲ ಗೋಡೆ ಮೇಲೆ ಬರೆದಿಡಿ.

ಬಾಟ್ಲಿ ತಗೊಂಡಿರೋರು ಒಂದು ಪರೀಕ್ಷೆ ಮಾಡಿ. ಒಂದೇ ವಯಸ್ಸಿನ, ಒಂದೇ ತೂಕದ ಎರಡು ಕುರಿಮರಿ, ಎರಡಕ್ಕೂ ಒಂದೇ ದಿನ ಜಂತು ಔಷಧಿ. ಒಂದಕ್ಕೆ ಬಾಟ್ಲಿ. ಇನ್ನೊಂದಕ್ಕೆ ಆ 600 ರೂಪಾಯಿಯ ಹಿಂಡಿ ಬೂಸಾ. ಕೆಜಿಗೆ 30 ರೂಪಾಯಿ ಇಟ್ಕೊಂಡ್ರೂ 20 ಕೆಜಿ ಬರುತ್ತೆ. ದಿನಕ್ಕೆ 200 ಗ್ರಾಂ ಹಾಕಿದ್ರೆ ನೂರು ದಿನ ಆಗುತ್ತೆ. ಮೇಯೋದು, ನೀರು, ಜಾಗ ಎರಡಕ್ಕೂ ಒಂದೇ ಇರಲಿ. ನೂರನೇ ದಿನ ತಕ್ಕಡಿಗೆ ಹಾಕಿ. ಮಾರೋಕೆ ಬಂದವನನ್ನೂ ಅವತ್ತು ಕರೀರಿ.

ಕಡೆಯದಾಗಿ ಗಂಡಸರಿಗೆ ಒಂದು ಮಾತು

ನಮ್ಮ ಮನೆಗಳಲ್ಲಿ ಬಾಟ್ಲಿ ತರೋರು ನಾವು. ಹೊತ್ತಿಗೆ ಹುಲ್ಲು ಕುಯ್ದು ತಂದು, ಮುಸುರೆ ಕಲಸಿ, ನೀರು ಹೊತ್ತು ಹಾಕೋರು ಹೆಣ್ಮಕ್ಕಳು. ಹಸು ಇವತ್ತು ಎಷ್ಟು ಬಿಟ್ಟಿದೆ, ಯಾವಾಗಿನಿಂದ ಮೆಲುಕು ಹಾಕ್ತಿಲ್ಲ, ಯಾವ ಮರಿ ಹಿಂದೆ ನಿಲ್ಲುತ್ತೆ ಅಂತ ಗೊತ್ತಿರೋದು ಅವರಿಗೆ. ಆದ್ರೆ ಮಾರೋಕೆ ಬಂದೋನು ಮಾತಾಡಿಸೋದು ನಮ್ಮನ್ನ, ಜೇಬಿಗೆ ಕೈ ಹಾಕೋರೂ ನಾವೇ. ಮುಂದಿನ ಸಲ ಬೈಕು ಬಂದು ನಿಂತಾಗ ಒಳಗೆ ಕೂಗಿ ಕೇಳಿ, "ಈ 600 ರೂಪಾಯಿಗೆ ಕೊಟ್ಟಿಗೆಗೆ ಏನು ತರ್ಲಿ?" ಅಂತ. ಹಿಂಡಿ ಅಂತಾರೋ, ನೀರಿನ ಪೈಪು ಅಂತಾರೋ, ಮೇವು ಕತ್ತರಿಸೋ ಮಷೀನಿಗೆ ಬ್ಲೇಡು ಅಂತಾರೋ, ಏನೇ ಹೇಳಿದ್ರೂ ಅದು ಬಾಟ್ಲಿಗಿಂತ ಜಾಸ್ತಿ ಬೆಳವಣಿಗೆ ಕೊಡುತ್ತೆ.

ಬೇರೆ ಅನುಭವ ಇದ್ದೋರು ಡೈರಿ ಹತ್ರ ಸಿಕ್ಕಾಗ ಹೇಳಿ. ಟೇಪು ಹಿಡಿದು ಅಳೆದಿದ್ರೆ ಆ ಚೀಟಿನೂ ತನ್ನಿ, ಕೂತು ನೋಡೋಣ.